ಬಾಲಣ್ಣನ ಮಾತು ಯಾರಿಗೆ ಕೇಳಿಸುತ್ತೆ?

ಬಾಲಣ್ಣನ ಬಗ್ಗೆ ಮಾತು ತೆಗೆದರೆ ಮೂರನೇ ವಾಕ್ಯಕ್ಕೆ ಜಮೀನು ಬರುತ್ತೆ. ಬೇಕಾದರೆ ನೀವೇ ಪರೀಕ್ಷೆ ಮಾಡಿ ನೋಡಿ. ಮೊದಲನೇ ವಾಕ್ಯ, "ಎಂಥಾ ನಟ ಕಣ್ರೀ". ಎರಡನೇದು, "ಪಾಪ, ಕಿವೀನೇ ಕೇಳ್ತಿರಲಿಲ್ಲವಂತೆ". ಮೂರನೇದು, "ಆ ಅಭಿಮಾನ್ ಸ್ಟುಡಿಯೋ ಜಾಗ ಇವತ್ತಿಗೆ ಎಷ್ಟು ಕೋಟಿ ಬಾಳುತ್ತೋ ಏನೋ". ಅಲ್ಲಿಗೆ ನಟ ಮುಗಿದ, ಸೈಟಿನ ಮಾತು ಶುರು.

2025ರ ಆಗಸ್ಟ್‌ನಲ್ಲಿ ಆ ಸ್ಟುಡಿಯೋದೊಳಗಿದ್ದ ವಿಷ್ಣುವರ್ಧನ್ ಸಮಾಧಿ ನೆಲಸಮವಾಯಿತಲ್ಲ, ಆಗ ಎರಡು ವಾರ ಯಾವ ಚಾನೆಲ್ ಹಾಕಿದರೂ ಅಭಿಮಾನ್ ಸ್ಟುಡಿಯೋನೇ. ಎಷ್ಟು ಎಕರೆ, ಯಾವ ಸರ್ವೆ ನಂಬರ್, ಸರ್ಕಾರ ಯಾವ ಷರತ್ತಿನ ಮೇಲೆ ಕೊಟ್ಟಿತ್ತು, ಕೋರ್ಟು ಏನು ಹೇಳಿತು. ಅಭಿಮಾನಿಗಳ ಸಂಕಟ ನನಗೆ ಅರ್ಥವಾಗುತ್ತೆ. 2009ರ ಡಿಸೆಂಬರ್ 30ರಂದು ಅಲ್ಲಿಗೆ ಹರಿದು ಬಂದ ಜನ ಬಾಡಿಗೆಗೆ ಬಂದವರಲ್ಲ. ಜಮೀನಿನ ತಕರಾರಿನಲ್ಲಿ ಯಾರದು ಸರಿ ಅಂತ ಹೇಳೋಕೆ ನಾನು ಕೂತಿಲ್ಲ, ಅದಕ್ಕೆ ಕೋರ್ಟಿದೆ. ನನ್ನ ತಕರಾರು ಬೇರೆ. ಅಷ್ಟು ದಿನದ ಅಷ್ಟು ಕೂಗಾಟದಲ್ಲಿ ಟಿ.ಎನ್. ಬಾಲಕೃಷ್ಣ ಅನ್ನೋ ಹೆಸರು ನೂರಾರು ಸಲ ಬಂತು. ಅಷ್ಟೂ ಸಲ ಖಾತೆದಾರನ ಹೆಸರು ಬಂದ ಹಾಗೆ ಬಂತು. ಅವರ ಒಂದು ದೃಶ್ಯ, ಒಂದೇ ಒಂದು ದೃಶ್ಯದ ಬಗ್ಗೆ ಎರಡು ನಿಮಿಷ ಮಾತಾಡಿದವರನ್ನ ನಾನಂತೂ ನೋಡಲಿಲ್ಲ.

ಸರಿ, ಎರಡನೇ ವಾಕ್ಯಕ್ಕೆ ವಾಪಸ್ ಬರೋಣ. "ಕಿವಿ ಕೇಳದಿದ್ರೂ 500ಕ್ಕೂ ಹೆಚ್ಚು ಸಿನಿಮಾ ಮಾಡಿದರು!" ಸಮಾರಂಭಗಳಲ್ಲಿ ಚಪ್ಪಾಳೆ ಬೀಳೋದು ಇಲ್ಲೇ. ಈ "ಕೇಳದಿದ್ರೂ" ಕಂಡರೆ ನನಗೆ ಮೈ ಉರಿಯುತ್ತೆ. ಅದರಲ್ಲಿ ಹೊಗಳಿಕೆ ಇರೋದು ಅರ್ಧ. ಇನ್ನರ್ಧ, "ದೇವರ ಆಟ ನೋಡಿ" ಅಂತ ಕೈಮುಗಿದು, ಮುಂದೆ ಯೋಚನೆ ಮಾಡೋ ಕೆಲಸದಿಂದ ತಪ್ಪಿಸಿಕೊಳ್ಳೋದು. ಪವಾಡ ಅಂದುಬಿಟ್ಟರೆ ಆಯ್ತಲ್ಲ, ಹೇಗೆ ಮಾಡಿದರು ಅಂತ ಕೇಳಬೇಕಾಗಿಲ್ಲ. ಇನ್ನೊಬ್ಬರು ಯಾಕೆ ಬರಲಿಲ್ಲ ಅಂತಲೂ ಕೇಳಬೇಕಾಗಿಲ್ಲ.

ಹೇಗೆ ಮಾಡಿದರು ಅಂತ ಕೇಳೋಣ. ಅರಸೀಕೆರೆ ಕಡೆಯ ಮನುಷ್ಯ, ಬಡತನ, ಕಂಪನಿ ನಾಟಕ. 1943ರ 'ರಾಧಾರಮಣ' ಮೊದಲ ಸಿನಿಮಾ. ಜಿ.ವಿ. ಅಯ್ಯರ್ ಅವರೂ ಅದೇ ಸಿನಿಮಾದಿಂದ ಬಂದವರು. ಎದುರಿಗಿದ್ದವರ ತುಟಿ ನೋಡಿ ಬಾಲಣ್ಣ ಮಾತು ಹಿಡೀತಿದ್ದರು ಅಂತ ಜೊತೆಗೆ ಕೆಲಸ ಮಾಡಿದವರು ಹೇಳಿಕೊಂಡು ಬಂದಿದ್ದಾರೆ. ಇದ್ದೀತು. ಆದರೆ ತುಟಿ ನೋಡೋದರಿಂದ ಮಾತ್ರ ಆಗೋ ಕೆಲಸ ಅಲ್ಲ ಇದು. ಕ್ಯಾಮೆರಾ ಮುಂದೆ ಇಬ್ಬರೂ ಯಾವಾಗಲೂ ಮುಖಕ್ಕೆ ಮುಖ ಕೊಟ್ಟು ನಿಲ್ಲೋದಿಲ್ಲ. ಒಬ್ಬ ಬೆನ್ನು ಹಾಕಿ ಗೊಣಗ್ತಾನೆ, ಒಬ್ಬ ಬಾಗಿಲಾಚೆಯಿಂದ ಕೂಗ್ತಾನೆ. ಅಂಥ ಜಾಗದಲ್ಲೂ ಬಾಲಣ್ಣನ ಉತ್ತರ ಸರಿಯಾದ ಗಳಿಗೆಗೆ ಬೀಳುತ್ತೆ. ಹಾಸ್ಯದಲ್ಲಿ ಅರ್ಧ ಕ್ಷಣ ಆಚೀಚೆಯಾದರೂ ನಗು ಸತ್ತುಹೋಗುತ್ತೆ ಅಂತ ನಿಮಗೂ ಗೊತ್ತು.

ನನ್ನ ಊಹೆ ಇದು. ಅವರನ್ನ ತಯಾರು ಮಾಡಿದ್ದು ಕಂಪನಿ ನಾಟಕದ ಪದ್ಧತಿ. ಅಲ್ಲಿ ನಿಮ್ಮ ಪಾತ್ರದ ಮಾತು ಮಾತ್ರ ಕಲಿತರೆ ಸಾಲದು. ಇಡೀ ನಾಟಕ ಬಾಯಿಗೆ ಬರಬೇಕು. ಇವತ್ತು ರಾಜನ ಪಾತ್ರದವನಿಗೆ ಜ್ವರ ಬಂದರೆ ನಾಳೆ ಮಂತ್ರಿ ಪಾತ್ರದವನೇ ರಾಜ. ತಿಂಗಳುಗಟ್ಟಲೆ ಅದೇ ಆಟ, ಅದೇ ಜನ, ಅದೇ ಹೆಜ್ಜೆ. ಎದುರಿನವನ ಮಾತು ಎಲ್ಲಿ ಮುಗಿಯುತ್ತೆ ಅಂತ ತಿಳಿಯೋಕೆ ಕಿವಿ ಬೇಕಿಲ್ಲ, ಆ ಮಾತು ಮೊದಲೇ ನಿಮ್ಮೊಳಗಿದ್ದರೆ ಸಾಕು. ಕಿವಿ ಕೇಳದವನೊಬ್ಬ ಬದುಕಿಕೊಳ್ಳಬಹುದಾದ ಒಂದು ಸಂದು ಆ ವ್ಯವಸ್ಥೆಯೊಳಗೇ ಇತ್ತು. ಬಾಲಣ್ಣ ಆ ಸಂದಿನಲ್ಲಿ ನುಗ್ಗಿ ಬಂದು ಅರಮನೆ ಕಟ್ಟಿಕೊಂಡರು. ಇದನ್ನ ದೈವಲೀಲೆ ಅಂದರೆ ಅವರು ಪಟ್ಟ ಪಾಡಿಗೆ ಅವಮಾನ ಮಾಡಿದ ಹಾಗೆ.

ಇವತ್ತಿನ ಶೂಟಿಂಗ್ ನೋಡಿದ್ದೀರಾ? ನಟನಿಗೆ ಮಾತು ಬಾಯಿಪಾಠ ಇರಬೇಕು ಅಂತಿಲ್ಲ. ಕ್ಯಾಮೆರಾ ಪಕ್ಕ ಒಬ್ಬ ಹುಡುಗ ಪುಟ ಹಿಡಿದು ಗಟ್ಟಿಯಾಗಿ ಓದ್ತಾನೆ, ನಟ ಅದನ್ನ ಕೇಳಿಸಿಕೊಂಡು ಹೇಳ್ತಾನೆ, ಆಮೇಲೆ ಡಬ್ಬಿಂಗ್‌ನಲ್ಲಿ ಸರಿ ಮಾಡ್ಕೋತಾರೆ. ಎಲ್ಲವೂ ಕಿವಿಯ ಮೇಲೆ ನಿಂತ ವ್ಯವಸ್ಥೆ. ಇವತ್ತು ಅರಸೀಕೆರೆಯಿಂದ ಇನ್ನೊಬ್ಬ ಬಾಲಣ್ಣ ಗಾಂಧಿನಗರಕ್ಕೆ ಬಂದರೆ ಮೊದಲನೇ ದಿನ ಮಧ್ಯಾಹ್ನದ ಊಟಕ್ಕೂ ಮುಂಚೆ ವಾಪಸ್ ಬಸ್ ಹತ್ತಿಸ್ತಾರೆ. ಹತ್ತಿಸಿ, ಸಂಜೆ ಯಾವುದೋ ಕಾರ್ಯಕ್ರಮದಲ್ಲಿ "ಕಿವಿ ಕೇಳದಿದ್ರೂ" ಅಂತ ಭಾಷಣ ಮಾಡ್ತಾರೆ.

ಬಾಲಣ್ಣ ಬರೀ ನಟ ಆಗಿರಲಿಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಐವತ್ತರ ದಶಕದಲ್ಲಿ ಕನ್ನಡ ಕಲಾವಿದರಿಗೆ ಕೆಲಸವಿಲ್ಲದೆ ಕೂತಿದ್ದಾಗ ರಾಜ್‌ಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ ಸೇರಿ ಕಲಾವಿದರ ಸಂಘ ಕಟ್ಟಿದರು, ಊರೂರು ಸುತ್ತಿ ನಾಟಕ ಆಡಿದರು. 1960ರಲ್ಲಿ 'ರಣಧೀರ ಕಂಠೀರವ' ತೆಗೆದದ್ದು ಈ ನಾಲ್ಕು ಜನ. ಕನ್ನಡ ಸಿನಿಮಾ ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲ ಅದು. ಬೆಂಗಳೂರಲ್ಲೇ ಸ್ಟುಡಿಯೋ ಇರಬೇಕು ಅಂತ ಹಠ ಹಿಡಿದು, ಆಗ ಊರಾಚೆ ಅನ್ನಿಸಿಕೊಳ್ಳುತ್ತಿದ್ದ ಕೆಂಗೇರಿ ಕಡೆ ಸರ್ಕಾರ ಕೊಟ್ಟ 20 ಎಕರೆಯಲ್ಲಿ ಅಭಿಮಾನ್ ಕಟ್ಟೋಕೆ ಹೊರಟರು. ದುಡಿದದ್ದೆಲ್ಲ ಅಲ್ಲಿಗೇ ಸುರಿದರು, ಸಾಲ ಮಾಡಿಕೊಂಡರು. 1995ರಲ್ಲಿ ತೀರಿಕೊಂಡರು. ಸ್ಟುಡಿಯೋ ಕತೆ ಇಷ್ಟೇ ಸಾಕು, ಉಳಿದದ್ದನ್ನ ಚಾನೆಲ್‌ಗಳು ಹೇಳಿದ್ದಾವೆ.

ಈಗ 'ಕಣ್ತೆರೆದು ನೋಡು' ತಗೊಳ್ಳಿ. 1961. ರಾಜ್‌ಕುಮಾರ್ ಅದರಲ್ಲಿ ಕಣ್ಣು ಕಾಣದ ಗಾಯಕ. ಅದೇ ಸಿನಿಮಾದಲ್ಲಿ ಬಾಲಕೃಷ್ಣ ಇದ್ದಾರೆ. ಕಣ್ಣು ಚೆನ್ನಾಗಿರೋ ನಟ ಕುರುಡನಾಗಿ ಅಭಿನಯಿಸಿದ್ದಕ್ಕೆ ಇಡೀ ನಾಡು ಕಣ್ಣೀರು ಹಾಕಿತು. ಹಾಕಲಿ, ಅಣ್ಣಾವ್ರು ಅಷ್ಟು ಚೆನ್ನಾಗಿ ಮಾಡಿದ್ದಾರೆ. ಆದರೆ ಅದೇ ಸೆಟ್ಟಿನಲ್ಲಿ ನಿಜವಾಗಿ ಕಿವಿ ಕೇಳದ ಮನುಷ್ಯ, ಕೇಳಿಸುತ್ತೆ ಅನ್ನೋ ಹಾಗೆ ಅಭಿನಯಿಸುತ್ತಾ ನಿಂತಿದ್ದ. ಆ ಅಭಿನಯ ಯಾರ ಕಣ್ಣಿಗೂ ಬೀಳಲಿಲ್ಲ, ಬೀಳದೆ ಇದ್ದದ್ದೇ ಅದರ ಗೆಲುವು. 1964ರಲ್ಲಿ ಎನ್. ಲಕ್ಷ್ಮೀನಾರಾಯಣ್ 'ನಾಂದಿ' ಮಾಡಿದರು. ಕಿವಿ ಕೇಳದ, ಮಾತು ಬಾರದ ಹೆಣ್ಣಿನ ಬದುಕನ್ನ ಮುಖ್ಯ ಮಾಡಿಕೊಂಡ ಸಿನಿಮಾ, ಹರಿಣಿಯವರು ಆ ಪಾತ್ರವನ್ನ ಘನತೆಯಿಂದ ಮಾಡಿದ್ದಾರೆ. ಇಂಥವು ಎಷ್ಟು ಬಂದವು? ಬೆರಳಲ್ಲಿ ಎಣಿಸಬಹುದು. ಆದರೆ ಒಂದು ಕೇಳಿದರೆ ಇನ್ನೊಂದು ಹೇಳೋ "ಕಿವುಡ ಮಾವ", "ಕೆಪ್ಪು ಮುದುಕಿ" ಕಾಮಿಡಿ ಎಷ್ಟು ಬಂದವು ಅಂತ ಎಣಿಸೋಕೆ ಹೋಗಬೇಡಿ, ಬೆಳಗಾಗುತ್ತೆ. ಕನ್ನಡದ ಅತಿ ದೊಡ್ಡ ಹಾಸ್ಯನಟರಲ್ಲಿ ಒಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ, ಅದೇ ಕನ್ನಡ ಸಿನಿಮಾಕ್ಕೆ ಅತಿ ಸುಲಭದ ಹಾಸ್ಯ ಕಿವುಡು. ಈ ಎರಡನ್ನೂ ಒಟ್ಟಿಗೆ ಇಟ್ಕೊಂಡು ಯಾರಿಗೂ ನಾಚಿಕೆ ಆಗಲಿಲ್ಲ.

(ಅಂದ ಹಾಗೆ ನಾನು ಕಿವುಡು ಅಂತಲೇ ಬರೀತೀನಿ. ಶ್ರವಣದೋಷವುಳ್ಳವರು ಅಂತ ಅರ್ಜಿ ಭಾಷೆ ಬರೆದ ಮಾತ್ರಕ್ಕೆ ಯಾರ ಮರ್ಯಾದೆಯೂ ಹೆಚ್ಚಾಗಿದ್ದು ನಾನು ಕಂಡಿಲ್ಲ.)

ಈ ವಿಷಯ ನನಗೆ ಯಾಕೆ ಇಷ್ಟು ಚುಚ್ಚುತ್ತೆ ಅಂದರೆ, ನಮ್ಮ ದೊಡ್ಡಪ್ಪನ ಮಗಳು, ನನಗಿಂತ ಆರು ವರ್ಷ ದೊಡ್ಡವಳು, ಹುಟ್ಟಿದಾಗಿನಿಂದ ಕಿವಿ ಕೇಳೋದಿಲ್ಲ. ದೂರದರ್ಶನದಲ್ಲಿ ಕನ್ನಡ ಸಿನಿಮಾ ಬಂದಾಗ ಮನೇಲಿ ಅವಳ ಪಕ್ಕ ಕೂತು ಏನಂದರು ಅಂತ ಹೇಳೋ ಕೆಲಸ ನನ್ನದು. ನಾನು ಎಂಥಾ ದ್ವಿಭಾಷಿ ಅಂತೀರಾ! ಮೂರು ನಿಮಿಷ ಮಾತಾಡಿದರೆ ನನ್ನ ಅನುವಾದ ಎರಡು ಸನ್ನೆ. "ಕೋಪ." "ದುಡ್ಡು ಕೇಳ್ತಿದಾನೆ." ಅಕ್ಕ ನನ್ನ ಮೊಣಕೈ ತಿವಿದು ತಿವಿದು ಇನ್ನೂ ಕೇಳೋಳು, ನಾನು "ಆಮೇಲೆ ಹೇಳ್ತೀನಿ ಇರು" ಅಂತ ಕೈ ಆಡಿಸೋನು. ಆ "ಆಮೇಲೆ" ಯಾವತ್ತೂ ಬರ್ತಿರಲಿಲ್ಲ. ಬಾಲಣ್ಣ ಬಂದಾಗ ಮಾತ್ರ ಅವಳು ತಿವೀತಿರಲಿಲ್ಲ. ಆ ಹುಬ್ಬು, ಪಕ್ಕಕ್ಕೆ ಜಾರೋ ಕಣ್ಣು, ಸುಳ್ಳು ಹೇಳೋಕೆ ಮುಂಚೆ ಒಂದು ಸಲ ಮುದುಡಿಕೊಳ್ಳೋ ಬಾಯಿ. ನಮಗೆ ಮಾತು ಕೇಳಿ ನಗು ಬರೋಕೆ ಮುಂಚೆ ಅವಳು ನಕ್ಕಿರೋಳು. ಅವರಿಗೂ ಕಿವಿ ಕೇಳಲ್ಲ ಅಂತ ಬಹಳ ವರ್ಷದ ಮೇಲೆ ನಾನು ಬರೆದು ತೋರಿಸಿದಾಗ ಅವಳು ನಂಬಲೇ ಇಲ್ಲ. ಸುಳ್ಳು ಅಂತ ಕೈಯಾಡಿಸಿದಳು.

ಅಕ್ಕ ಕಿವುಡು ಮಕ್ಕಳ ಶಾಲೆಯಲ್ಲಿ ಓದಿದವಳು. ಕನ್ನಡ ಚೆನ್ನಾಗಿ ಓದ್ತಾಳೆ, ದಿನಾ ಪೇಪರ್ ಬೇಕು, ವಾಟ್ಸಪ್‌ನಲ್ಲಿ ನನಗಿಂತ ಉದ್ದುದ್ದ ಬರೀತಾಳೆ. ಈಗ ಅವಳ ಫೋನಿನಲ್ಲಿ ಏನು ನೋಡ್ತಾಳೆ ಗೊತ್ತಾ? ಕೊರಿಯಾ ಧಾರಾವಾಹಿ. ಇಂಗ್ಲಿಷ್ ಅಕ್ಷರ ಬರುತ್ತೆ, ಅರ್ಧಂಬರ್ಧ ಇಂಗ್ಲಿಷಿನಲ್ಲೇ ಕತೆ ಹಿಡ್ಕೋತಾಳೆ. ಕನ್ನಡ ಸಿನಿಮಾ? ಇಲ್ಲ. ಯಾಕೆಂದರೆ ಕನ್ನಡ ಸಿನಿಮಾದ ಕೆಳಗೆ ಕನ್ನಡದ ಅಕ್ಷರ ಇರೋದಿಲ್ಲ. ಬಾಲಣ್ಣನ ಹಳೇ ಸಿನಿಮಾಗಳು ಯೂಟ್ಯೂಬಿನಲ್ಲಿ ಸಿಗುತ್ತವೆ, ಲಕ್ಷಗಟ್ಟಲೆ ಜನ ನೋಡಿದ್ದಾರೆ. ನಾನು ಒಂದಾದ ಮೇಲೊಂದು ತೆಗೆದು ಹುಡುಕಿದೆ. ಮನುಷ್ಯರು ಕೂತು ಬರೆದ ಕನ್ನಡ ಸಬ್‌ಟೈಟಲ್ ನಾನು ನೋಡಿದ ಒಂದಕ್ಕೂ ಇರಲಿಲ್ಲ. ಎಲ್ಲೋ ಕೆಲವು ಡಿವಿಡಿಗಳಲ್ಲಿ ಇದ್ದರೆ ಅದೂ ಇಂಗ್ಲಿಷಿನಲ್ಲಿ.

ಸ್ವಲ್ಪ ನಿಧಾನವಾಗಿ ಓದಿ ಇದನ್ನ. ಪರದೇಶದವನಿಗೆ ಕನ್ನಡ ಸಿನಿಮಾ ಅರ್ಥವಾಗಲಿ ಅಂತ ಇಂಗ್ಲಿಷಿನಲ್ಲಿ ಬರೆಸಿದೆವು. ಇಲ್ಲೇ ಹುಟ್ಟಿ, ಇಲ್ಲೇ ಕನ್ನಡ ಅಕ್ಷರ ಕಲಿತ ಕಿವುಡು ಕನ್ನಡಿಗರಿಗೆ ಏನೂ ಮಾಡಲಿಲ್ಲ. ಕಿವಿ ಕೇಳದ ನಟನೊಬ್ಬ ಅರ್ಧ ಶತಮಾನ ಆಡಿದ ಮಾತು ಕಿವಿ ಕೇಳದ ಪ್ರೇಕ್ಷಕರಿಗೆ ಇವತ್ತಿಗೂ ತಲುಪಿಲ್ಲ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕಿವಿಯ ತೊಂದರೆ ಇರುವವರು 2 ಲಕ್ಷಕ್ಕೂ ಹೆಚ್ಚು. ಅದರಲ್ಲಿ ವಯಸ್ಸಾಗಿ ಕಿವಿ ಮಂದವಾದ, ಆದರೆ ಯಾರ ಹತ್ತಿರವೂ ಒಪ್ಪಿಕೊಳ್ಳದ ನಿಮ್ಮ ತಂದೆ, ನನ್ನ ತಾಯಿ ಸೇರಿಲ್ಲ. ಟಿವಿ ವಾಲ್ಯೂಮು ಜಾಸ್ತಿಯಾಯ್ತು ಅಂತ ದಿನಾ ಸಂಜೆ ಜಗಳ ಆಡುವ ಮನೆಗಳನ್ನೆಲ್ಲ ಸೇರಿಸಿದರೆ ಲೆಕ್ಕ ಎಲ್ಲಿಗೋ ಹೋಗುತ್ತೆ.

ಇದು ಯಾರದೋ ದಯೆಯ ಮಾತೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಂ ದೃಶ್ಯಮಾಧ್ಯಮದಲ್ಲಿ ಸನ್ನೆ ಭಾಷೆ, ಅಕ್ಷರದ ಅಡಿಬರಹ ಇರುವಂತೆ ಸರ್ಕಾರ ನೋಡಿಕೊಳ್ಳಬೇಕು ಅಂತ ಹೇಳುತ್ತೆ. 2024ರ ಮಾರ್ಚ್‌ನಲ್ಲಿ ಕೇಂದ್ರದ ವಾರ್ತಾ ಇಲಾಖೆ ಥಿಯೇಟರಿನ ಸಿನಿಮಾಗಳಿಗೆ ಮಾರ್ಗಸೂಚಿಯನ್ನೂ ಹೊರಡಿಸಿತು. ಅದು ಹೊಸದಾಗಿ ಬರೋ ಸಿನಿಮಾಗಳಿಗೆ. 1961ರ ಸಿನಿಮಾವನ್ನ, 1972ರ ಸಿನಿಮಾವನ್ನ ಯಾರು ಕೇಳ್ತಾರೆ?

ಇದನ್ನ ಹೇಳಿದಾಗಲೆಲ್ಲ ನನಗೆ ಬಂದ ಉತ್ತರಗಳು ಬಲು ಚೆನ್ನಾಗಿವೆ. ಒಂದು, "ಕನ್ನಡ ಸಿನಿಮಾಗೆ ಕನ್ನಡದಲ್ಲೇ ಸಬ್‌ಟೈಟಲ್ಲಾ? ತಮಾಷೆ ಮಾಡ್ತಿದೀರಾ?" ಇಲ್ಲ ಸ್ವಾಮಿ. ಕೇಳೋ ಭಾಷೇಲೇ ಓದೋಕೆ ಅಕ್ಷರ ಕೊಟ್ಟರೆ ಓದುಬರಹ ಗಟ್ಟಿಯಾಗುತ್ತೆ ಅಂತ ಅಹಮದಾಬಾದಿನ ಬ್ರಿಜ್ ಕೊಠಾರಿ ದೂರದರ್ಶನದ ಹಾಡುಗಳಿಗೆ ಹಾಡಿನ ಭಾಷೆಯಲ್ಲೇ ಅಕ್ಷರ ಹಾಕಿಸಿ ಎರಡು ದಶಕದ ಮೇಲಾಯಿತು. ಕನ್ನಡ ಓದೋಕೆ ತಿಣುಕುವ ಬೆಂಗಳೂರಿನ ಮಕ್ಕಳಿಗೂ ಇದು ಆಗುತ್ತೆ. ಕನ್ನಡ ಉಳಿಸಿ ಅಂತ ನವೆಂಬರಿನಲ್ಲಿ ಕೂಗೋರು ಬೇಕಾದರೆ ಈ ಕಾರಣಕ್ಕಾದರೂ ಒಪ್ಪಿಕೊಳ್ಳಲಿ.

ಎರಡು, "ಕಂಪ್ಯೂಟರೇ ಮಾಡುತ್ತೆ ಬಿಡಿ ಈಗ". ಗರಗರ ಅನ್ನೋ ಹಳೇ ಸೌಂಡ್‌ಟ್ರ್ಯಾಕು, ಹಿಂದೆ ವಾದ್ಯ, ಮುಂದೆ ಹಳ್ಳಿ ಮಾತು. ಯಂತ್ರ ಬರೆದದ್ದನ್ನ ಒಂದು ಸಲ ಓದಿ ನೋಡಿ, ಆಮೇಲೆ ಮಾತಾಡೋಣ. ಯಂತ್ರ ಮೊದಲ ಕರಡು ಬರೆಯಲಿ, ಬೇಡ ಅನ್ನಲ್ಲ. ತಿದ್ದೋಕೆ ಆ ಕನ್ನಡ ಗೊತ್ತಿರೋ ಮನುಷ್ಯ ಬೇಕು. ಆ ಕನ್ನಡ ಗೊತ್ತಿರೋರು ಒಬ್ಬೊಬ್ಬರಾಗಿ ಹೋಗ್ತಾ ಇದ್ದಾರೆ, ಅದಕ್ಕೇ ಈ ಆತುರ.

ಮೂರನೇದು ಹಕ್ಕಿನ ವಿಷಯ. ನಿರ್ಮಾಪಕರು ತೀರಿಕೊಂಡಿದ್ದಾರೆ, ಮಾರಿದ್ದಾರೆ, ಕೊಂಡವರು ಇನ್ನೊಬ್ಬರಿಗೆ ಮಾರಿದ್ದಾರೆ. ಇದು ನಿಜವಾದ ತೊಡಕು. ಹಳೇ ಸಿನಿಮಾಗಳ ಹಕ್ಕು ಇಟ್ಟುಕೊಂಡ ಒಂದು ಕಂಪನಿಗೆ ನಾನು ಮೂರು ಸಲ ಬರೆದೆ, "ದುಡ್ಡು ಬೇಡ, ನಾನೇ ಬರೆದು ಕೊಡ್ತೀನಿ, ನಿಮ್ಮ ವಿಡಿಯೋಗೆ ಸೇರಿಸಿಕೊಳ್ಳಿ" ಅಂತ. ಉತ್ತರ ಇಲ್ಲ. ಆದರೆ ಸರ್ಕಾರ ಮನಸ್ಸು ಮಾಡಿದರೆ ಈ ತೊಡಕು ಬಿಡಿಸೋದು ಕಷ್ಟವಲ್ಲ. ಚಲನಚಿತ್ರ ಅಕಾಡೆಮಿ ಇದೆ. ವರ್ಷ ವರ್ಷ ಸಿನಿಮಾಗಳಿಗೆ ಸಹಾಯಧನ ಹೋಗುತ್ತೆ. ಸಹಾಯಧನ ಬೇಕಾದರೆ ಕನ್ನಡ ಸಬ್‌ಟೈಟಲಿನ ಕಡತ ಕೊಡಿ ಅಂತ ಒಂದು ಷರತ್ತು ಹಾಕೋಕೆ ಒಂದು ಸುತ್ತೋಲೆ ಸಾಕು. ಹಳೇ ಸಿನಿಮಾಗಳಿಗೆ ಅಕಾಡೆಮಿಯೇ ಬರೆಸಲಿ, ಹಕ್ಕುದಾರರಿಗೆ ಪುಕ್ಕಟೆ ಕೊಡಲಿ. ಬೇಡ ಅನ್ನೋಕೆ ಅವರಿಗೆ ಕಾರಣವೇ ಇರೋದಿಲ್ಲ, ನೋಡುವವರು ಹೆಚ್ಚಾದರೆ ಲಾಭ ಅವರಿಗೇ.

ನಾಲ್ಕು, ದುಡ್ಡು. ಸ್ಮಾರಕಕ್ಕೆ ದುಡ್ಡು ಸಿಗುತ್ತೆ. ಮೈಸೂರಿನ ಹತ್ತಿರ ವಿಷ್ಣುವರ್ಧನ್ ಸ್ಮಾರಕ ಎದ್ದು ನಿಂತು 2023ರಲ್ಲಿ ಉದ್ಘಾಟನೆಯೂ ಆಯಿತು, ಆಗಲಿ, ಸಂತೋಷ. ಆದರೆ ಕಲ್ಲಿಗೆ ಸಿಗೋ ದುಡ್ಡು ಸಿನಿಮಾಗೆ ಯಾಕೆ ಸಿಗಲ್ಲ? ಕನ್ನಡದ ಮೊದಲ ಟಾಕಿ, 1934ರ 'ಸತಿ ಸುಲೋಚನ', ಅದರ ಒಂದು ಪ್ರಿಂಟೂ ನಮ್ಮ ಹತ್ತಿರ ಇಲ್ಲ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಅದರಲ್ಲಿ ಹೇಗೆ ಅಭಿನಯಿಸಿದರು ಅಂತ ಕಿವಿ ಇದ್ದವರಿಗೂ ಗೊತ್ತಿಲ್ಲ, ಇಲ್ಲದವರಿಗೂ ಗೊತ್ತಿಲ್ಲ. ಆ ಲೆಕ್ಕದಲ್ಲಿ ಎಲ್ಲರೂ ಸಮಾನರು ಅಂತ ಬೇಕಾದರೆ ಸಮಾಧಾನ ಮಾಡ್ಕೋಬಹುದು.

ದುಡ್ಡಿನ ಮಾತು ಬಂತಲ್ಲ, ಲೆಕ್ಕ ಹಾಕೇಬಿಡೋಣ. ನಾನು 'ಬಂಗಾರದ ಮನುಷ್ಯ' ತಗೊಂಡೆ. 1972, ಸಿದ್ದಲಿಂಗಯ್ಯನವರದು, ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿದ ಸಿನಿಮಾ. ಬಾಲಣ್ಣ ಅದರಲ್ಲಿ ರಾಚೂಟಪ್ಪ, ರಾಜೀವನಿಗೆ ಊರಲ್ಲಿ ಆಸರೆಯಾಗುವ ಮನುಷ್ಯ. ಜೀವನಪೂರ್ತಿ ಜಿಪುಣ, ಕುತಂತ್ರಿ, ಶಕುನಿ ಪಾತ್ರ ಮಾಡಿದವರಿಗೆ ಇಷ್ಟು ಒಳ್ಳೆಯತನ ಎಲ್ಲಿಂದ ಬಂತು ಅಂತ ನೋಡಿದಾಗಲೆಲ್ಲ ಆಶ್ಚರ್ಯ ಪಡ್ತೀನಿ. ರಾಚೂಟಪ್ಪ ಇರೋ ದೃಶ್ಯಗಳನ್ನೇ ಆರಿಸಿ ಹತ್ತು ನಿಮಿಷಕ್ಕೆ ಸಬ್‌ಟೈಟಲ್ ಬರೆದೆ. ಕೇಳೋದು, ನಿಲ್ಲಿಸೋದು, ಟೈಪ್ ಮಾಡೋದು, ಗಳಿಗೆ ಕೂಡಿಸೋದು. ಎರಡು ಗಂಟೆ ಹಿಡೀತು. ನನ್ನಂಥ ಮೊದ್ದು ಕೈಗೆ ಎರಡು ಗಂಟೆ. ಎರಡೂವರೆ ಗಂಟೆಯ ಸಿನಿಮಾಗೆ 30 ಗಂಟೆ ಅಂತಿಟ್ಕೊಳ್ಳಿ. ಬಾಲಣ್ಣನ 500 ಸಿನಿಮಾ ಸಿಕ್ಕವು ಅಂತಲೇ ಇಟ್ಕೊಳ್ಳಿ (ಸಿಗಲ್ಲ, ಅದು ಬೇರೆ ದುಃಖ), 15,000 ಗಂಟೆ. ದಿನಕ್ಕೆ 8 ಗಂಟೆ ಕೆಲಸ ಮಾಡೋ 10 ಜನರಿಗೆ 188 ದಿನ. ಕನ್ನಡ ಎಂ.ಎ. ಮಾಡಿ ಅತಿಥಿ ಉಪನ್ಯಾಸಕರಾಗಿ ಕಾಯ್ತಾ ಕೂತ ಹುಡುಗ ಹುಡುಗಿಯರಲ್ಲಿ ಹತ್ತು ಜನ ಸಿಗಲ್ವಾ? ಒಂದು ವರ್ಷ ಅವರಿಗೆ ಸಂಬಳ ಕೊಡೋಕೆ ಎಷ್ಟಾಗುತ್ತೆ? ಒಂದು ಪ್ರಶಸ್ತಿ ಸಮಾರಂಭದ ವೇದಿಕೆ, ದೀಪ, ಊಟದ ಖರ್ಚಿನ ಪಕ್ಕ ಇಟ್ಟು ನೋಡಿ.

ಆ ಹತ್ತು ನಿಮಿಷವನ್ನ ನನ್ನ ಲ್ಯಾಪ್‌ಟಾಪಿನಲ್ಲಿ ಹಾಕಿ ಅಕ್ಕನಿಗೆ ತೋರಿಸಿದೆ. ಪೂರ್ತಿ ನೋಡಿ, ಎರಡು ಕಡೆ ಕಾಗುಣಿತ ತಪ್ಪಿದೆ ಅಂತ ಬರೆದು ಕೊಟ್ಟಳು. ಒಂದು ಸಾಲು ಬಾಲಣ್ಣನ ತುಟಿಗಿಂತ ತಡವಾಗಿ ಬರುತ್ತೆ ಅಂತಲೂ ಬರೆದಿದ್ದಳು. ನಾನು ಮೂರು ಸಲ ಕೇಳಿ ಕೂಡಿಸಿದ ಸಾಲು ಅದು. ತಿರುಗಿಸಿ ನೋಡಿದೆ, ಹೌದು, ಅರ್ಧ ಸೆಕೆಂಡು ತಡ.

ತಿದ್ದಿದ್ದೇನೆ. ಕಡತ ಸಿದ್ಧ ಇದೆ. ಮುಂದಿನ ಹತ್ತು ನಿಮಿಷ ಯಾರು ಹಿಡ್ಕೋತೀರಿ, ಹೇಳಿ.